ಉಸಿರು, ನೆಲೆ, ನೆಮ್ಮದಿ: ಉಳವಿ ಮತ್ತು ಮುಂಡಗೋಡದ ಎರಡು ಆಶ್ರಯ ಪರಂಪರೆಗಳು

೧. ಪೀಠಿಕೆ

ಮನಸ್ಸಿನ ಒತ್ತಡವನ್ನು ಕುರಿತ ಇಂದಿನ ಚರ್ಚೆಗಳಲ್ಲಿ ಎರಡು ಸಲಹೆಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಉಸಿರಾಟದ ಮೇಲೆ ಗಮನವಿಡುವುದು ಒಂದು. ಕಾಡು, ನದಿ, ಬೆಟ್ಟಗಳ ಸನ್ನಿಧಿಗೆ ಹೋಗುವುದು ಇನ್ನೊಂದು. ಇವೆರಡೂ ನಗರಜೀವನದ ಆಯಾಸಕ್ಕೆ ಹೊಸದಾಗಿ ಕಂಡುಕೊಂಡ ಮದ್ದುಗಳೆಂಬಂತೆ ಪ್ರಚಾರ ಪಡೆದಿವೆ. ಕಾಳಿ ನದಿಯ ಆಸುಪಾಸಿನ ದಾಂಡೇಲಿ, ಜೋಯಿಡಾ ಪ್ರದೇಶಗಳು ವಾರಾಂತ್ಯದ ವಿಶ್ರಾಂತಿಯ ತಾಣಗಳಾಗಿ ಹೆಸರಾಗಿರುವುದಕ್ಕೂ ಈ ಭಾವನೆಗೂ ನೇರ ಸಂಬಂಧವಿದೆ.

ಆದರೆ ಉತ್ತರ ಕನ್ನಡ ಜಿಲ್ಲೆಯ ಇದೇ ಸೀಮೆಗೆ ವಿಶ್ರಾಂತಿಗಾಗಿ ಅಲ್ಲದೆ ಜೀವ ಉಳಿಸಿಕೊಳ್ಳುವುದಕ್ಕಾಗಿ ಬಂದ ಎರಡು ಸಮುದಾಯಗಳ ನೆನಪು ಉಳಿದಿದೆ. ೧೨ನೆಯ ಶತಮಾನದಲ್ಲಿ ಕಲ್ಯಾಣದಿಂದ ಹೊರಟ ಶರಣರು ಇಂದಿನ ಜೋಯಿಡಾ ತಾಲ್ಲೂಕಿನ ಉಳವಿಗೆ ಬಂದರೆಂಬುದು ಪರಂಪರೆಯ ನಿರೂಪಣೆ. ೨೦ನೆಯ ಶತಮಾನದಲ್ಲಿ ಟಿಬೆಟ್ಟಿನಿಂದ ಹೊರಬಂದ ನಿರಾಶ್ರಿತರು ಮುಂಡಗೋಡದಲ್ಲಿ ನೆಲೆಯೂರಿದುದು ಇತ್ತೀಚಿನ ಚರಿತ್ರೆ. ಇಬ್ಬರೂ ಉಸಿರನ್ನು ಸಾಧನೆಯ ವಿಷಯವಾಗಿ ಮಾಡಿಕೊಂಡವರು. ಇಬ್ಬರೂ ಕಾಡಿನ ಅಂಚಿನಲ್ಲಿ ಬದುಕನ್ನು ಮರಳಿ ಕಟ್ಟಿದವರು. ಈ ಎರಡು ಪರಂಪರೆಗಳ ನಡುವೆ ಚಾರಿತ್ರಿಕ ಕೊಡುಕೊಳುಗೆಯಿತ್ತೆಂದು ಹೇಳಲು ಆಧಾರಗಳಿಲ್ಲ. ಆದರೆ ಒಂದೇ ಭೂಪ್ರದೇಶದಲ್ಲಿ ಇವು ನೆಲೆಗೊಂಡಿರುವುದರಿಂದ ತೌಲನಿಕವಾಗಿ ನೋಡಲು ಅವಕಾಶವಿದೆ.

ಸಂಕಟದ ಕಾಲದಲ್ಲಿ ಉಸಿರು ಮತ್ತು ಪ್ರಕೃತಿಗಳು ಮನಸ್ಸಿಗೆ ಯಾವ ಬಗೆಯ ನೆಮ್ಮದಿಯನ್ನು ಕೊಡುತ್ತವೆ ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನ ಈ ಎರಡು ನಿದರ್ಶನಗಳ ಮೂಲಕ ಪರಿಶೀಲಿಸುತ್ತದೆ. ಈ ಪರಂಪರೆಗಳಲ್ಲಿ ನೆಮ್ಮದಿಯೆಂಬುದು ಲೋಕದಿಂದ ದೂರ ಸರಿಯುವ ಸ್ಥಿತಿಯಲ್ಲ. ಅದು ಲೋಕದ ಕೆಲಸಕ್ಕೆ ಮರಳಲು ಬೇಕಾದ ಊರುಗೋಲು ಎಂಬುದು ಇಲ್ಲಿಯ ಮುಖ್ಯ ಪ್ರತಿಪಾದನೆ.

೨. ಪದಗಳ ಸಾಕ್ಷ್ಯ

ಕನ್ನಡದಲ್ಲಿ ಮನಸ್ಸಿನ ಸ್ಥಿತಿಯನ್ನು ಹೇಳುವ ಅನೇಕ ನುಡಿಗಟ್ಟುಗಳು ಉಸಿರಿನಿಂದಲೇ ಹುಟ್ಟಿವೆ. ಭಯದಲ್ಲಿ ಉಸಿರು ಕಟ್ಟುತ್ತದೆ. ಕಾತರದಲ್ಲಿ ಉಸಿರನ್ನು ಬಿಗಿಹಿಡಿಯುತ್ತೇವೆ. ಕೆಲಸದ ಒತ್ತಡದಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಅಪಾಯ ತಪ್ಪಿದಾಗ ನಿಟ್ಟುಸಿರು ಬರುತ್ತದೆ. ನಿಟ್ಟುಸಿರು ಎಂದರೆ ನಿಡಿದಾದ ಉಸಿರು. ದುಃಖಕ್ಕೂ ಬಿಡುಗಡೆಗೂ ಕನ್ನಡ ಈ ಒಂದೇ ಪದವನ್ನು ಬಳಸುತ್ತದೆ ಎಂಬುದು ಗಮನಾರ್ಹ. ಹಳಗನ್ನಡದ ‘ಸುಯ್’, ‘ಬಿಸುಸುಯ್’ ಮೊದಲಾದ ರೂಪಗಳಲ್ಲಿಯೂ ಉಸಿರು ಮತ್ತು ವ್ಯಥೆಗಳ ಸಂಬಂಧ ಸ್ಪಷ್ಟವಾಗಿದೆ.

ಹಳಗನ್ನಡದ ‘ಉಸಿರ್’ ಎಂಬ ಧಾತುವಿಗೆ ಉಸಿರಾಡು ಎಂಬುದರ ಜೊತೆಗೆ ಹೇಳು, ನುಡಿ ಎಂಬ ಅರ್ಥವೂ ಇದೆ. ‘ಉಸಿರ್ದಂ’ ಎಂದರೆ ಹೇಳಿದನು. ಒಳಗಿನದನ್ನು ಹೊರಗೆ ಬಿಡುವುದು ಎರಡರಲ್ಲಿಯೂ ಸಮಾನ. ‘ಉಸಿರೆತ್ತದೆ ಇರು’ ಎಂಬ ಇಂದಿನ ಮಾತಿನಲ್ಲಿ ಆ ಹಳೆಯ ಅರ್ಥ ಇನ್ನೂ ಉಳಿದಿದೆ. ಸಂಕಟದಲ್ಲಿರುವ ಮನುಷ್ಯನಿಗೆ ಉಸಿರು ಮತ್ತು ಮಾತು ಎರಡೂ ಒಟ್ಟಿಗೇ ಕಟ್ಟುತ್ತವೆ ಎಂಬ ಅನುಭವವನ್ನು ಭಾಷೆ ಈ ರೀತಿ ಕಾಪಿಟ್ಟುಕೊಂಡಿದೆ.

ಶಾಂತಸ್ಥಿತಿಯನ್ನು ಸೂಚಿಸುವ ಎರಡು ಪದಗಳನ್ನೂ ಇಲ್ಲಿ ಪರಿಶೀಲಿಸಬಹುದು. ‘ಸಮಾಧಾನ’ವೆಂಬ ಸಂಸ್ಕೃತ ಪದದ ಮೂಲಾರ್ಥ ಚೆನ್ನಾಗಿ ಒಟ್ಟುಗೂಡಿಸಿ ಇಡುವುದು ಎಂದು. ಸಮಾಧಿ ಎಂಬ ಪದವೂ ಅದೇ ಮೂಲದ್ದು. ಶಾಸ್ತ್ರಗ್ರಂಥಗಳಲ್ಲಿ ಆಕ್ಷೇಪಕ್ಕೆ ಕೊಡುವ ಉತ್ತರವನ್ನೂ ಸಮಾಧಾನವೆಂದೇ ಕರೆಯುತ್ತಾರೆ. ಅಂದರೆ ಸಮಾಧಾನವು ಆಕ್ಷೇಪವನ್ನು ಎದುರಿಸಿದ ಮೇಲೆ ದೊರೆಯುವಂಥದು. ‘ನೆಮ್ಮದಿ’ ಎಂಬ ಪದಕ್ಕೆ ‘ನೆಮ್ಮು’ ಎಂಬ ಧಾತುವಿನೊಡನೆ ನಂಟು ಕಲ್ಪಿಸುವುದು ಸಾಧ್ಯ. ನೆಮ್ಮು ಎಂದರೆ ಒರಗು, ಆತುಕೊಳ್ಳು, ಆಶ್ರಯಿಸು. ಈ ದೃಷ್ಟಿಯಿಂದ ನೆಮ್ಮದಿಯೆಂದರೆ ಆತುಕೊಳ್ಳಲು ಏನಾದರೊಂದು ಇರುವ ಸ್ಥಿತಿ. ಆಶ್ರಯ ಕಳೆದುಕೊಂಡು ಬಂದ ಸಮುದಾಯಗಳು ಯಾವುದನ್ನು ಆತುಕೊಂಡು ನಿಂತವು ಎಂಬ ಪ್ರಶ್ನೆಯನ್ನು ಈ ಪದವೇ ಮುಂದಿಡುತ್ತದೆ.

೩. ಉಳವಿ: ಮಹಾಮನೆಯಿಂದ ಗವಿಗೆ

ಹರಳಯ್ಯ ಮತ್ತು ಮಧುವರಸರ ಮಕ್ಕಳ ಮದುವೆ, ಅದರ ಕಾರಣದಿಂದ ಆ ಇಬ್ಬರಿಗೂ ವಿಧಿಸಿದ ಮರಣದಂಡನೆ, ೧೧೬೭ರ ಸುಮಾರಿನಲ್ಲಿ ಬಿಜ್ಜಳನ ಕೊಲೆ, ಅನಂತರ ಶರಣರ ಚದುರುವಿಕೆ ಇವು ಕಲ್ಯಾಣದ ಕೊನೆಯ ದಿನಗಳ ಘಟನಾವಳಿಯಾಗಿ ಪ್ರಸಿದ್ಧವಾಗಿವೆ. ಚನ್ನಬಸವಣ್ಣನ ನೇತೃತ್ವದಲ್ಲಿ ಶರಣರ ಒಂದು ತಂಡ ಪಶ್ಚಿಮದ ಕಾಡನ್ನು ಹೊಕ್ಕು ಉಳವಿಯನ್ನು ತಲುಪಿತು. ಚನ್ನಬಸವಣ್ಣ ಅಲ್ಲಿಯೇ ಲಿಂಗೈಕ್ಯನಾದನು ಎಂದು ಪರಂಪರೆ ಹೇಳುತ್ತದೆ. ವಿರೂಪಾಕ್ಷ ಪಂಡಿತನ ‘ಚೆನ್ನಬಸವಪುರಾಣ’ದ ಕಾಲ ೧೫೮೪. ಘಟನೆಗೂ ಕಾವ್ಯಕ್ಕೂ ನಾಲ್ಕು ಶತಮಾನಗಳ ಅಂತರವಿರುವುದರಿಂದ ಇಂಥ ಕೃತಿಗಳನ್ನು ವರದಿಗಳೆಂದು ಓದದೆ ಸಮುದಾಯದ ಸ್ಮೃತಿಯೆಂದು ಓದುವುದು ಉಚಿತ.

ಆ ಸ್ಮೃತಿ ಉಳವಿಯ ಸ್ಥಳನಾಮಗಳಲ್ಲಿ ಹೇಗೆ ಉಳಿದಿದೆ ಎಂಬುದು ಪ್ರಸ್ತುತ ವಿಷಯಕ್ಕೆ ಮುಖ್ಯ. ಅಲ್ಲಿಯ ಒಂದು ಗವಿಗೆ ಅಕ್ಕನಾಗಮ್ಮನ ಹೆಸರಿದೆ. ಇನ್ನೊಂದು ಮಹಾಮನೆ ಗವಿ. ನೀರಿನ ಒಂದು ಚಿಲುಮೆಗೆ ಹರಳಯ್ಯನ ಹೆಸರಿದೆ. ಕಲ್ಯಾಣದಲ್ಲಿ ಮಹಾಮನೆಯೆಂದರೆ ಬಸವಣ್ಣನ ದಾಸೋಹದ ಮನೆ. ಆ ಹೆಸರು ಕಾಡಿನ ನಡುವಣ ಕಲ್ಲಿನ ಪೊಟರೆಗೆ ಬಂದಿದೆ. ಕಲ್ಯಾಣದಲ್ಲಿ ಪ್ರಾಣ ಕಳೆದುಕೊಂಡ ಹರಳಯ್ಯನ ಹೆಸರು ಬತ್ತದ ನೀರಿಗೆ ಬಂದಿದೆ. ಸಂಕಟದಿಂದ ಪಾರಾಗಿ ಬಂದವರು ಆ ಸಂಕಟವನ್ನು ಮರೆಯುವುದಕ್ಕೆ ಕಾಡನ್ನು ಬಳಸಲಿಲ್ಲ. ನೆನಪಿಟ್ಟುಕೊಳ್ಳುವುದಕ್ಕೆ ಬಳಸಿದರು ಎಂಬುದನ್ನು ಈ ಹೆಸರುಗಳು ಸೂಚಿಸುತ್ತವೆ.

ಶರಣರ ಸಾಧನೆಯಲ್ಲಿ ಉಸಿರಿನ ಸ್ಥಾನವನ್ನು ತಿಳಿಯಲು ಷಟ್‌ಸ್ಥಲದ ಕ್ರಮವನ್ನು ಗಮನಿಸಬೇಕು. ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಲ್ಲಿ ಪ್ರಾಣಲಿಂಗಿಯದು ನಾಲ್ಕನೆಯದು. ಪ್ರಾಣವೆಂಬುದು ಉಸಿರಿಗಿಂತ ವ್ಯಾಪಕವಾದ ಪರಿಭಾಷೆಯಾದರೂ ಉಸಿರು ಅದರ ಅನುಭವಗಮ್ಯ ರೂಪ. ಕೈಯಲ್ಲಿ ಹಿಡಿದ ಇಷ್ಟಲಿಂಗದ ಮೇಲಿನ ದೃಷ್ಟಿ ಒಳಮುಖವಾಗಿ ಪ್ರಾಣದಲ್ಲಿಯೇ ಲಿಂಗವನ್ನು ಕಾಣುವ ಹಂತವಿದು. ಈ ಹಂತಕ್ಕೆ ಬರುವ ಮುನ್ನ ಸಾಧಕನು ಪ್ರಸಾದಿಸ್ಥಲವನ್ನು ದಾಟಿರಬೇಕು. ದುಡಿದುದನ್ನು ಅರ್ಪಿಸಿ, ಹಂಚಿ, ಉಳಿದುದನ್ನು ಪ್ರಸಾದವಾಗಿ ಸ್ವೀಕರಿಸುವುದನ್ನು ಕಲಿತ ಮೇಲೆಯೇ ಪ್ರಾಣದ ಕಡೆಗೆ ಗಮನ. ಉಸಿರಿನ ಸಾಧನೆಗೆ ಮೊದಲು ಊಟದ ನೀತಿ ಎಂದು ಇದನ್ನು ಸರಳವಾಗಿ ಹೇಳಬಹುದು. ಷಟ್‌ಸ್ಥಲಚಕ್ರವರ್ತಿಯೆಂದು ಖ್ಯಾತನಾದ ಚನ್ನಬಸವಣ್ಣನ ಹೆಸರಿನಲ್ಲಿರುವ ‘ಕರಣಹಸಿಗೆ’ಯ ಶೀರ್ಷಿಕೆಯಲ್ಲಿನ ‘ಹಸಿಗೆ’ಗೆ ಪಾಲು, ವಿಂಗಡಣೆ ಎಂಬ ಅರ್ಥವಿದೆ. ದೇಹ ಮತ್ತು ಕರಣಗಳನ್ನು ವಿಂಗಡಿಸಿ ಅರಿಯುವ ಈ ಬಗೆ, ಗೊಂದಲದಲ್ಲಿರುವ ಮನಸ್ಸನ್ನು ಬಿಡಿಬಿಡಿಯಾಗಿ ನೋಡುವ ಕ್ರಮವೂ ಹೌದು.

ಉಸಿರನ್ನು ಬಿಗಿಹಿಡಿದು ದೇಹಸಿದ್ಧಿಯನ್ನು ಸಂಪಾದಿಸುವ ಮಾರ್ಗದ ಬಗ್ಗೆ ಶರಣರಿಗೆ ಅನುಮಾನವಿತ್ತು. ೧೫ನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಬರುವ ಅಲ್ಲಮ ಮತ್ತು ಗೋರಕ್ಷರ ಪ್ರಸಂಗ ಇದನ್ನು ಕಥೆಯ ರೂಪದಲ್ಲಿ ಹೇಳುತ್ತದೆ. ವಜ್ರದಂತೆ ಗಟ್ಟಿಯಾದ ಗೋರಕ್ಷನ ದೇಹಕ್ಕೆ ಖಡ್ಗ ತಾಗಿದಾಗ ಖಣಿಲೆಂಬ ಶಬ್ದ ಬರುತ್ತದೆ. ಅಲ್ಲಮನ ದೇಹಕ್ಕೆ ಬೀಸಿದ ಖಡ್ಗ ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಒತ್ತಡವನ್ನು ಎದುರಿಸಲು ತನ್ನನ್ನು ಗಟ್ಟಿಮಾಡಿಕೊಳ್ಳುವುದು ಒಂದು ದಾರಿ. ಒತ್ತಡ ಹಾದುಹೋಗುವಂತೆ ತೆರವಾಗುವುದು ಇನ್ನೊಂದು ದಾರಿ. ಶರಣ ಪರಂಪರೆ ಎರಡನೆಯದನ್ನು ಆರಿಸಿಕೊಂಡಿತು.

ಪ್ರಕೃತಿಯ ವಿಷಯದಲ್ಲಿಯೂ ವಚನಗಳ ದೃಷ್ಟಿ ಭಾವುಕವಾದುದಲ್ಲ. ಅಕ್ಕಮಹಾದೇವಿಯ ಬಹುಪರಿಚಿತ ವಚನವೊಂದು ಬೆಟ್ಟ, ಕಡಲ ತೀರ, ಸಂತೆ ಈ ಮೂರು ನೆಲೆಗಳನ್ನು ಒಂದೇ ಸಾಲಿನಲ್ಲಿರಿಸಿ, ಅವುಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಭಯವಿದೆಯೆಂದು ಕಾಣಿಸಿ, ಕೊನೆಗೆ ಸಮಾಧಾನದ ಮಾತಿಗೆ ಬರುತ್ತದೆ. ಅಲ್ಲಿ ಬೆಟ್ಟವು ಸಂತೆಯಿಂದ ತಪ್ಪಿಸಿಕೊಳ್ಳುವ ತಾಣವಾಗಿಲ್ಲ. ಸಂತೆಯಲ್ಲಿ ಸದ್ದು ಇರುವಂತೆ ಬೆಟ್ಟದಲ್ಲಿ ಮೃಗಗಳಿವೆ. ಸಮಾಧಾನವನ್ನು ಎರಡು ಕಡೆಯಲ್ಲಿಯೂ ಸಾಧಿಸಬೇಕಾಗಿದೆ.

ಉಳವಿಯ ಜಾತ್ರೆ ಮಾಘಮಾಸದ ಭಾರತ ಹುಣ್ಣಿಮೆಯ ಸಂದರ್ಭದಲ್ಲಿ ನಡೆಯುತ್ತದೆ. ಧಾರವಾಡ, ಬೆಳಗಾವಿ ಕಡೆಯ ರೈತರು ಚಕ್ಕಡಿ ಕಟ್ಟಿಕೊಂಡು ಹಳಿಯಾಳ, ದಾಂಡೇಲಿಗಳ ಮಾರ್ಗವಾಗಿ ಕಾಡುದಾರಿಯಲ್ಲಿ ಬರುವ ಪದ್ಧತಿ ಇಂದಿಗೂ ಉಳಿದಿದೆ. ಸುಗ್ಗಿಯ ದುಡಿಮೆಯ ಅನಂತರದ ಈ ಪಯಣದಲ್ಲಿ ವೇಗವನ್ನು ನಿರ್ಧರಿಸುವುದು ಎತ್ತಿನ ನಡೆ. ಒಟ್ಟಿಗೆ ಅಡುಗೆ, ಒಟ್ಟಿಗೆ ಭಜನೆ, ಒಟ್ಟಿಗೆ ಬಿಡಾರ. ಏಕಾಂತವನ್ನು ಅರಸದೆ ಸಹವಾಸದಲ್ಲಿಯೇ ಮನಸ್ಸನ್ನು ಹಗುರಮಾಡಿಕೊಳ್ಳುವ ಜನಪದ ಕ್ರಮವಿದು.

೪. ಮುಂಡಗೋಡ: ಹೆಸರನ್ನು ಹೊತ್ತು ತಂದವರು

ಇಂಥದೇ ನೆಲೆ ಕಳೆದುಕೊಂಡ ಇನ್ನೊಂದು ಸಮುದಾಯ ಎಂಟು ಶತಮಾನಗಳ ಅನಂತರ ಇದೇ ಜಿಲ್ಲೆಯ ಪೂರ್ವದ ಅಂಚಿಗೆ ಬಂದಿತು. ೧೯೫೯ರಲ್ಲಿ ದಲಾಯಿ ಲಾಮಾ ಅವರೊಂದಿಗೆ ಮತ್ತು ಅವರ ಹಿಂದೆ ಭಾರತಕ್ಕೆ ಬಂದ ಟಿಬೆಟನ್ನರಿಗೆ ಅಂದಿನ ಮೈಸೂರು ರಾಜ್ಯ ಭೂಮಿ ನೀಡಿತು. ಬೈಲಕುಪ್ಪೆಯ ವಸತಿ ಮೊದಲು ಆರಂಭವಾಯಿತು. ೧೯೬೬ರಲ್ಲಿ ಮುಂಡಗೋಡದಲ್ಲಿ ಸುಮಾರು ನಾಲ್ಕು ಸಾವಿರ ಎಕರೆಯಲ್ಲಿ ಡೋಗುಲಿಂಗ್ ವಸತಿ ಸ್ಥಾಪನೆಯಾಯಿತು. ಕಾಡು ಕಡಿದು ಹೊಲ ಮಾಡುವ ಕೆಲಸದಿಂದ ಅಲ್ಲಿಯ ಬದುಕು ತೊಡಗಿತು. ಎತ್ತರದ ಶೀತಪ್ರದೇಶದಿಂದ ಬಂದವರಿಗೆ ಇಲ್ಲಿಯ ಸೆಕೆ, ಮಳೆಗಾಲ, ಜೋಳದ ಬೇಸಾಯ ಎಲ್ಲವೂ ಹೊಸದಾಗಿದ್ದವು.

ಭಿಕ್ಷುಗಳ ಕಥೆ ಇನ್ನೂ ಕಠಿಣವಾದುದು. ಟಿಬೆಟ್ಟಿನ ದೊಡ್ಡ ವಿಹಾರಗಳಿಂದ ಪಾರಾಗಿ ಬಂದ ಸುಮಾರು ಒಂದೂವರೆ ಸಾವಿರ ಭಿಕ್ಷುಗಳನ್ನು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ ಇರಿಸಲಾಯಿತು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಬಂಧಿಸಿಟ್ಟಿದ್ದ ಕೋಟೆ ಅದು. ಅಲ್ಲಿ ಸುಮಾರು ಒಂದು ದಶಕ ಅಧ್ಯಯನವನ್ನು ಬಿಡದೆ ನಡೆಸಿದ ಭಿಕ್ಷುಗಳಲ್ಲಿ ಅನೇಕರು ಕ್ಷಯರೋಗಕ್ಕೆ ತುತ್ತಾದರು. ಉಸಿರಿನ ಮೇಲೆ ಧ್ಯಾನ ಮಾಡುವ ಪರಂಪರೆಯವರಿಗೆ ಉಸಿರೇ ರೋಗವಾಗಿ ಬಂದ ಕಾಲವದು. ೧೯೬೯ರಿಂದ ಆರಂಭಿಸಿ ಉಳಿದವರನ್ನು ದಕ್ಷಿಣಕ್ಕೆ ಕರೆತರಲಾಯಿತು. ಸೆರಾ ವಿಹಾರದವರು ಬೈಲಕುಪ್ಪೆಗೆ ಹೋದರೆ, ಗಾಂದೆನ್ ಮತ್ತು ಡ್ರೆಪುಂಗ್ ವಿಹಾರಗಳವರು ಮುಂಡಗೋಡಕ್ಕೆ ಬಂದರು. ೧೪೦೯ರಲ್ಲಿ ಮತ್ತು ೧೪೧೬ರಲ್ಲಿ ಲ್ಹಾಸಾದ ಪರಿಸರದಲ್ಲಿ ಸ್ಥಾಪನೆಯಾಗಿದ್ದ ವಿಹಾರಗಳ ಆ ಹೆಸರುಗಳನ್ನೇ ಇಲ್ಲಿಯ ಹೊಸ ಕಟ್ಟಡಗಳಿಗೆ ಇಡಲಾಯಿತು. ಕಲ್ಯಾಣದ ಮಹಾಮನೆ ಉಳವಿಯ ಗವಿಯಾದಂತೆ ಲ್ಹಾಸಾದ ಡ್ರೆಪುಂಗ್ ಮುಂಡಗೋಡದ ಡ್ರೆಪುಂಗ್ ಆಯಿತು. ನೆಲವನ್ನು ಕಳೆದುಕೊಂಡವರು ಹೆಸರನ್ನು ಹೊತ್ತು ತಂದು ಹೊಸ ನೆಲದಲ್ಲಿ ಊರಿದರು.

ಈ ಪರಂಪರೆಯ ಉಸಿರಿನ ಧ್ಯಾನದ ಬೇರು ಪಾಲಿ ಮಜ್ಝಿಮನಿಕಾಯದ ಆನಾಪಾನಸತಿ ಸುತ್ತದಂತಹ ಪ್ರಾಚೀನ ಬೌದ್ಧ ಬೋಧನೆಗಳಲ್ಲಿದೆ. ಅದರಲ್ಲಿ ಹದಿನಾರು ಹೆಜ್ಜೆಗಳಿವೆ. ದೇಹ, ವೇದನೆ, ಚಿತ್ತ, ಧಮ್ಮ ಎಂಬ ನಾಲ್ಕು ಗುಂಪುಗಳಾಗಿ ಅವು ವಿಂಗಡಣೆಯಾಗಿವೆ. ಮೊದಲ ಹೆಜ್ಜೆಗಳಲ್ಲಿ ಸಾಧಕನು ಉಸಿರನ್ನು ಬದಲಿಸುವುದಿಲ್ಲ. ಉಸಿರು ನೀಳವಾಗಿದ್ದರೆ ನೀಳವೆಂದು, ಗಿಡ್ಡವಾಗಿದ್ದರೆ ಗಿಡ್ಡವೆಂದು ಅರಿಯುತ್ತಾನೆ. ಸಾಧನೆಗೆ ಕುಳಿತುಕೊಳ್ಳುವ ಸ್ಥಳವಾಗಿ ಆ ಸುತ್ತ ಕಾಡು, ಮರದ ಬುಡ, ಬರಿದಾದ ಮನೆ ಎಂಬ ಮೂರನ್ನು ಸೂಚಿಸುತ್ತದೆ. ಬರಿದಾದ ಮನೆಗೂ ಕಾಡಿನಷ್ಟೇ ಮಾನ್ಯತೆ ಇರುವುದು ಗಮನಿಸಬೇಕಾದ ಅಂಶ. ಮನಸ್ಸಿನ ಮೇಲೆ ಬೇಡಿಕೆಗಳನ್ನು ಹೇರದ ಸ್ಥಳ ಬೇಕೆಂಬುದೇ ಇಲ್ಲಿಯ ಇಂಗಿತ. ಪಾಲಿಯ ‘ಸತಿ’ ಸಂಸ್ಕೃತದ ‘ಸ್ಮೃತಿ’ಯೇ. ಇಂದು ಎಚ್ಚರದ ಗಮನವೆಂದು ಅನುವಾದಗೊಳ್ಳುವ ಈ ಪದದ ಒಳಗೆ ನೆನಪು ಎಂಬ ಅರ್ಥವೂ ಇದೆ. ಹರಳಯ್ಯನ ಚಿಲುಮೆಯ ಸಂದರ್ಭದಲ್ಲಿ ಕಂಡ ನೆನಪಿನ ವಿಚಾರಕ್ಕೆ ಇದು ಸಮೀಪದ್ದು.

ಟಿಬೆಟನ್ ಭಾಷೆಯ ಎರಡು ಪದಗಳು ಈ ಚರ್ಚೆಗೆ ಸಹಾಯಕ. ಶಮಥ ಧ್ಯಾನಕ್ಕೆ ಅವರು ‘ಶಿನೆ’ ಎನ್ನುತ್ತಾರೆ. ಅದರ ಮೊದಲ ಭಾಗಕ್ಕೆ ಶಾಂತಿ ಎಂದೂ ಎರಡನೆಯ ಭಾಗಕ್ಕೆ ನೆಲೆಸುವುದು, ನೆಲೆ ಎಂದೂ ಅರ್ಥ. ಇನ್ನೊಂದು ಪದ ‘ಲುಂಗ್’. ಗಾಳಿ, ಪ್ರಾಣವಾಯು ಎಂಬ ಅರ್ಥದ ಈ ಪದ ಟಿಬೆಟನ್ ವೈದ್ಯದ ಮೂರು ದೋಷಗಳಲ್ಲಿ ಒಂದನ್ನೂ ಸೂಚಿಸುತ್ತದೆ. ಆತಂಕ, ನಿದ್ರಾಹೀನತೆ, ಎದೆಬಿಗಿತ ಮುಂತಾದ ತೊಂದರೆಗಳನ್ನು ಅವರು ಲುಂಗ್ ಕೆರಳಿದುದರ ಪರಿಣಾಮವೆಂದು ವಿವರಿಸುತ್ತಾರೆ. ಅತಿಯಾದ ಛಲದಿಂದ ಧ್ಯಾನ ಮಾಡಿದರೂ ಲುಂಗ್ ಕೆರಳುವುದೆಂಬ ಎಚ್ಚರಿಕೆ ಆ ಪರಂಪರೆಯಲ್ಲಿದೆ.

ಉಸಿರನ್ನು ಪರರ ಕಡೆಗೆ ತಿರುಗಿಸುವ ಸಾಧನೆಯೊಂದು ಈ ಪರಂಪರೆಯ ವಿಶೇಷ. ಅದರ ಹೆಸರು ‘ಟೊಂಗ್‌ಲೆನ್’, ಪದಶಃ ಕೊಡುಕೊಳು. ಒಳಗೆಳೆಯುವ ಉಸಿರಿನೊಡನೆ ಇತರರ ದುಃಖವನ್ನು ಸ್ವೀಕರಿಸುವುದಾಗಿಯೂ ಹೊರಬಿಡುವ ಉಸಿರಿನೊಡನೆ ತನ್ನ ಸುಖವನ್ನು ಅವರಿಗೆ ಕೊಡುವುದಾಗಿಯೂ ಭಾವಿಸುವುದು ಇದರ ಕ್ರಮ. ಇದನ್ನು ಏಳು ಅಂಶಗಳ ಮನಶ್ಶಿಕ್ಷಣದಲ್ಲಿ ಅಳವಡಿಸಿದ ಚೆಕಾವಾ ಎಂಬ ಗುರುವಿನ ಕಾಲ ೧೧೦೧ರಿಂದ ೧೧೭೫. ಕಲ್ಯಾಣದಲ್ಲಿ ದಾಸೋಹ ನಡೆಯುತ್ತಿದ್ದ ಕಾಲಕ್ಕೇ ಟಿಬೆಟ್ಟಿನಲ್ಲಿ ಉಸಿರಿನ ಮೂಲಕ ಹಂಚಿಕೊಳ್ಳುವ ಬೋಧನೆ ರೂಪುಗೊಳ್ಳುತ್ತಿತ್ತು. ಈ ಪರಂಪರೆಯವರು ಗೌರವದಿಂದ ಓದುವ ಶಾಂತಿದೇವನ ‘ಬೋಧಿಚರ್ಯಾವತಾರ’ದ ಎಂಟನೆಯ ಪರಿಚ್ಛೇದವೂ ಮೊದಲು ಅರಣ್ಯದ ಏಕಾಂತವನ್ನು ಕೊಂಡಾಡಿ, ಅನಂತರ ತನ್ನ ಮತ್ತು ಪರರ ಸಮತೆಯ ಚಿಂತನೆಗೆ ಹೊರಳುತ್ತದೆ. ಕಾಡಿನ ಏಕಾಂತ ಅಲ್ಲಿಯೂ ಪ್ರಸ್ತಾವನೆಯೇ ಹೊರತು ಉಪಸಂಹಾರವಲ್ಲ.

೫. ಶರೀರವಿಜ್ಞಾನದ ನೆರವು

ಪರಂಪರೆಗಳು ಹೇಳುವ ಅನುಭವಕ್ಕೆ ದೇಹದಲ್ಲಿ ಯಾವ ಆಧಾರವಿದೆಯೆಂಬ ಪ್ರಶ್ನೆಯನ್ನು ಮುಂಡಗೋಡದ ಭಿಕ್ಷುಗಳೇ ವಿಜ್ಞಾನಿಗಳ ಜೊತೆ ಚರ್ಚಿಸಿದ್ದಾರೆ. ೨೦೧೩ರ ಜನವರಿಯಲ್ಲಿ ಮೈಂಡ್ ಅಂಡ್ ಲೈಫ್ ಸಂಸ್ಥೆಯ ೨೬ನೆಯ ಸಂವಾದ ಡ್ರೆಪುಂಗ್ ವಿಹಾರದಲ್ಲಿ ನಡೆಯಿತು.

ದೇಹದ ಸ್ವಯಂಚಾಲಿತ ಕ್ರಿಯೆಗಳಲ್ಲಿ ಉಸಿರಾಟಕ್ಕೆ ಒಂದು ವಿಶೇಷವಿದೆ. ಅದು ತಾನಾಗಿ ನಡೆಯುತ್ತದೆ. ಬೇಕೆಂದಾಗ ನಮ್ಮ ಇಚ್ಛೆಗೂ ಒಳಪಡುತ್ತದೆ. ಹೃದಯದ ಬಡಿತವನ್ನು ನೇರವಾಗಿ ನಿಧಾನಗೊಳಿಸುವುದು ಸಾಮಾನ್ಯರಿಗೆ ಸಾಧ್ಯವಿಲ್ಲ. ಉಸಿರನ್ನು ನಿಧಾನಗೊಳಿಸುವ ಮೂಲಕ ಅದನ್ನು ಪರೋಕ್ಷವಾಗಿ ತಲುಪಬಹುದು. ಉಸಿರೆಳೆದಾಗ ಹೃದಯದ ಬಡಿತ ತುಸು ಹೆಚ್ಚುತ್ತದೆ, ಬಿಟ್ಟಾಗ ತಗ್ಗುತ್ತದೆ. ಮಿದುಳಿನಿಂದ ಎದೆ, ಹೊಟ್ಟೆಗಳವರೆಗೆ ಸಾಗುವ ವೇಗಸ್ ನರದ ಪ್ರಭಾವ ಉಸಿರು ಬಿಡುವಾಗ ಹೆಚ್ಚುವುದು ಇದಕ್ಕೆ ಮುಖ್ಯ ಕಾರಣ. ಆದುದರಿಂದ ಬಿಡುವ ಉಸಿರನ್ನು ನಿಡಿದಾಗಿಸಿದರೆ ದೇಹ ಶಾಂತಸ್ಥಿತಿಯ ಕಡೆಗೆ ವಾಲುತ್ತದೆ. ಕನ್ನಡದ ನಿಟ್ಟುಸಿರು ಎಂಬ ಪದ ಹೇಳುವುದೂ ಇದನ್ನೇ.

ಇಟಲಿಯ ಲೂಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು ೨೦೦೧ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ಉಲ್ಲೇಖಿಸಬೇಕು. ೨೩ ಮಂದಿ ಆರೋಗ್ಯವಂತರು ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆಯನ್ನೂ ಟಿಬೆಟನ್ನರ ಷಡಕ್ಷರಿ ಮಂತ್ರವನ್ನು ಹೋಲುವ ಮಂತ್ರವನ್ನೂ ಪಠಿಸಿದಾಗ, ಎರಡೂ ಸಂದರ್ಭಗಳಲ್ಲಿ ಅವರ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ವಿಶ್ರಾಂತಿಯಲ್ಲಿರುವ ವಯಸ್ಕರ ಉಸಿರಾಟ ಸಾಮಾನ್ಯವಾಗಿ ನಿಮಿಷಕ್ಕೆ ೧೨ರಿಂದ ೨೦. ಆ ನಿಧಾನಗತಿಯಲ್ಲಿ ಹೃದಯ ಮತ್ತು ರಕ್ತದೊತ್ತಡದ ಲಯಗಳು ಪರಸ್ಪರ ಹೊಂದಿಕೊಂಡವು. ಮಂತ್ರದ ಅರ್ಥ, ಭಾಷೆ, ಮತ ಯಾವುದೇ ಇರಲಿ, ಪಠಣದ ಅಳತೆ ಉಸಿರಿಗೆ ಅಳತೆಯಾಗುತ್ತದೆ. ಛಂದಸ್ಸನ್ನು ಪಾಠ ಹೇಳುವವರಿಗೆ ಈ ಸಂಗತಿ ವಿಶೇಷ ಆಸಕ್ತಿಯದು.

೨೦೨೩ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ಪ್ರಕಟಿಸಿದ ಪ್ರಯೋಗದಲ್ಲಿ, ದಿನಕ್ಕೆ ಐದು ನಿಮಿಷದಂತೆ ಸುಮಾರು ಒಂದು ತಿಂಗಳು ಅಭ್ಯಾಸ ಮಾಡಿದವರಲ್ಲಿ ಆತಂಕ ಕಡಿಮೆಯಾದುದು ಕಂಡುಬಂದಿತು. ಅವುಗಳಲ್ಲಿ ನಿಟ್ಟುಸಿರಿನ ಕ್ರಮ, ಅಂದರೆ ಮೂಗಿನಿಂದ ಒಂದರ ಮೇಲೊಂದರಂತೆ ಎರಡು ಬಾರಿ ಉಸಿರೆಳೆದು ಬಾಯಿಯಿಂದ ನಿಧಾನವಾಗಿ ಪೂರ್ತಿ ಬಿಡುವ ಕ್ರಮ, ಮನಸ್ಸಿನ ಉಲ್ಲಾಸವನ್ನು ಹೆಚ್ಚಿಸುವುದರಲ್ಲಿ ಕೇವಲ ಉಸಿರನ್ನು ಗಮನಿಸುವ ಧ್ಯಾನಕ್ಕಿಂತ ಮುಂದಿತ್ತು. ಉಸಿರನ್ನು ಗಮನಿಸುವುದು ಮತ್ತು ಉಸಿರನ್ನು ನಿಡಿದಾಗಿಸುವುದು ಎರಡು ಬೇರೆ ಸಾಧನೆಗಳೆಂಬುದನ್ನು ಇದರಿಂದ ತಿಳಿಯಬಹುದು.

ಪ್ರಕೃತಿಯ ಪ್ರಭಾವದ ಬಗ್ಗೆ ರೋಜರ್ ಉಲ್ರಿಚ್ ೧೯೮೪ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದುದು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ರೋಗಿಗಳ ೨೩ ಜೋಡಿಗಳಲ್ಲಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆಯ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದರು. ಪ್ರಬಲವಾದ ನೋವುಶಮನಕಗಳನ್ನು ಕಡಿಮೆ ತೆಗೆದುಕೊಂಡರು. ಜಪಾನಿನಲ್ಲಿ ೧೯೮೨ರಲ್ಲಿ ಅರಣ್ಯ ಇಲಾಖೆಯೇ ‘ಶಿನ್ರಿನ್‌ಯೋಕು’ ಅಂದರೆ ಅರಣ್ಯಸ್ನಾನ ಎಂಬ ಹೆಸರಿನಲ್ಲಿ ಕಾಡಿನ ನಿಧಾನ ನಡಿಗೆಯನ್ನು ಜನರಿಗೆ ಪರಿಚಯಿಸಿತು.

ಈ ಸಂಗತಿಗಳ ಆಧಾರದಲ್ಲಿ ಸರಳವಾದ ಅಭ್ಯಾಸವೊಂದನ್ನು ವಿವರಿಸಬಹುದು. ಬೆನ್ನಿಗೆ ಆಸರೆಯಿರುವಂತೆ ಕುಳಿತು ಕೆಲವು ಉಸಿರುಗಳನ್ನು ಇದ್ದಂತೆಯೇ ಗಮನಿಸುವುದು. ಅನಂತರ ಬಿಡುವ ಉಸಿರು ಎಳೆಯುವ ಉಸಿರಿಗಿಂತ ತುಸು ನೀಳವಾಗುವಂತೆ ಐದು ನಿಮಿಷ ಉಸಿರಾಡುವುದು. ಗಮನ ಚದುರಿದಾಗ ತನ್ನನ್ನು ದೂರದೆ ಮರಳಿ ಉಸಿರಿಗೆ ಬರುವುದು. ಸಾಧ್ಯವಿದ್ದರೆ ಒಂದು ಮರ ಕಾಣುವ ಕಡೆ ಕುಳಿತುಕೊಳ್ಳುವುದು. ಉಸಿರಿನ ಮೇಲೆ ಗಮನವಿಟ್ಟಾಗ ಕೆಲವರಿಗೆ, ವಿಶೇಷವಾಗಿ ಆಘಾತವನ್ನು ಅನುಭವಿಸಿದವರಿಗೆ ಮತ್ತು ಶ್ವಾಸಕೋಶದ ಕಾಯಿಲೆಯುಳ್ಳವರಿಗೆ, ಆತಂಕ ಹೆಚ್ಚಬಹುದು. ಅಂಥವರು ಕಣ್ಣು ತೆರೆದು ಹೊರಗಿನ ಶಬ್ದವನ್ನೋ ಪಾದದ ಸ್ಪರ್ಶವನ್ನೋ ಗಮನಿಸುವುದು ಒಳ್ಳೆಯದು. ವೈದ್ಯರ ಚಿಕಿತ್ಸೆ ಬೇಕಾದ ಕಡೆ ಇದು ಅದಕ್ಕೆ ಬದಲಿಯಾಗಲಾರದು. ಲುಂಗ್ ಕೆರಳುವ ಬಗ್ಗೆ ಟಿಬೆಟನ್ ಗುರುಗಳು ಕೊಟ್ಟ ಎಚ್ಚರಿಕೆಯ ತಾತ್ಪರ್ಯವೂ ಇದೇ.

೬. ಕಾಡು ಯಾರ ನೆಮ್ಮದಿ?

ಕಾಡು ನೆಮ್ಮದಿ ಕೊಡುತ್ತದೆಂದು ಹೇಳಿದ ಕೂಡಲೇ ಆ ಕಾಡಿನಲ್ಲಿ ಬದುಕುವವರ ನೆಮ್ಮದಿಯ ಪ್ರಶ್ನೆ ಏಳುತ್ತದೆ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳು ಸಿದ್ದಿ, ಗೌಳಿ, ಕುಣಬಿ ಮೊದಲಾದ ಸಮುದಾಯಗಳ ನೆಲೆ. ಸಿದ್ದಿಗಳ ಪೂರ್ವಜರು ಆಫ್ರಿಕಾದಿಂದ ಬಂದವರು. ಅವರಲ್ಲಿ ಬಹುಪಾಲು ಜನ ಗುಲಾಮರಾಗಿ ತರಲ್ಪಟ್ಟವರು. ಗೋವೆಯ ಕಡೆಯಿಂದ ತಪ್ಪಿಸಿಕೊಂಡು ಈ ಕಾಡುಗಳನ್ನು ಸೇರಿದರೆಂಬುದು ಅವರ ಚರಿತ್ರೆಯ ಒಂದು ಮುಖ್ಯ ಎಳೆ. ಅವರಿಗೂ ಈ ಕಾಡು ಮೊದಲಿಗೆ ಆಶ್ರಯವೇ ಆಗಿತ್ತು. ೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು.

ಇದೇ ಸೀಮೆಯಲ್ಲಿ ನೆಲೆ ಕಳೆದುಕೊಂಡವರೂ ಇದ್ದಾರೆ. ಜೋಯಿಡಾ ತಾಲ್ಲೂಕಿಗೆ ಹಿಂದೆ ಸೂಪಾ ತಾಲ್ಲೂಕೆಂಬ ಹೆಸರಿತ್ತು. ಕಾಳಿ ನದಿಗೆ ೧೯೮೦ರ ದಶಕದಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಪಟ್ಟಣ ಮುಳುಗಿತು. ತಾಲ್ಲೂಕಿನ ಕೇಂದ್ರ ಜೋಯಿಡಾಕ್ಕೆ ಬಂದಿತು. ಇಲ್ಲಿ ಹಿಂದಿನ ಎರಡು ನಿದರ್ಶನಗಳಿಗಿಂತ ಭಿನ್ನವಾದ ಸ್ಥಿತಿಯನ್ನು ಕಾಣಬಹುದು. ಶರಣರೂ ಟಿಬೆಟನ್ನರೂ ಕಳೆದುಕೊಂಡ ನೆಲೆಯ ಹೆಸರನ್ನು ಹೊಸ ನೆಲೆಗೆ ತಂದರು. ಸೂಪಾದ ಹೆಸರು ಪ್ರಸ್ತುತ ಪ್ರಮುಖವಾಗಿ ಉಳಿದಿರುವುದು ಅದನ್ನು ಮುಳುಗಿಸಿದ ಅಣೆಕಟ್ಟಿನ ಮೇಲೆ. ಹಿನ್ನೀರಿನ ಶಾಂತವಾದ ವಿಸ್ತಾರವನ್ನು ನೋಡಿ ಮನಸ್ಸನ್ನು ಹಗುರಮಾಡಿಕೊಳ್ಳುವ ಪ್ರವಾಸಿಯ ಮುಂದೆ ಇರುವುದು ಇನ್ನೊಬ್ಬರ ಊರು.

ದಾಂಡೇಲಿಯ ಅಭಯಾರಣ್ಯ ೧೯೫೬ರಷ್ಟು ಹಳೆಯದು. ಅದೇ ದಶಕದಲ್ಲಿ ಆ ಊರಿನಲ್ಲಿ ಕಾಗದದ ಕಾರ್ಖಾನೆಯೂ ತಲೆಯೆತ್ತಿತು. ೨೦೦೭ರಲ್ಲಿ ಅಣಶಿ-ದಾಂಡೇಲಿ ಪ್ರದೇಶವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ೨೦೧೫ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂದಿತು. ಸಂರಕ್ಷಣೆ, ಕೈಗಾರಿಕೆ, ವಿದ್ಯುತ್ತು, ಪ್ರವಾಸೋದ್ಯಮ ಇವುಗಳ ನಡುವೆ ಕಾಡಿನ ಜನರ ಕೃಷಿ, ರಸ್ತೆ, ಶಾಲೆ, ಆಸ್ಪತ್ರೆಗಳ ಪ್ರಶ್ನೆಗಳು ಸಿಲುಕಿವೆ. ಕಾಡನ್ನು ಕೇವಲ ನೋಡುವವನ ಶಾಂತಿಗೆ ಸಾಧನವೆಂದು ಭಾವಿಸುವುದು ಈ ಒತ್ತಡಗಳನ್ನು ಕಾಣದಿರುವುದಕ್ಕೆ ಸಮ. ಪ್ರಸಾದಿಯಾಗದೆ ಪ್ರಾಣಲಿಂಗಿಯಾಗಲು ಬಾರದೆಂಬ ಷಟ್‌ಸ್ಥಲದ ಕ್ರಮವನ್ನು ಈ ಸಂದರ್ಭಕ್ಕೂ ಅನ್ವಯಿಸಬಹುದು. ಇನ್ನೊಬ್ಬರ ನೆಲೆಯಲ್ಲಿ ಉಸಿರನ್ನು ಹಗುರಮಾಡಿಕೊಳ್ಳುವವನಿಗೆ ಆ ನೆಲೆಯ ಋಣವಿದೆ.

೭. ಸಮಾರೋಪ

ಈವರೆಗಿನ ಚರ್ಚೆಯಿಂದ ಕೆಲವು ಅಂಶಗಳನ್ನು ಗುರುತಿಸಬಹುದು. ಮೊದಲನೆಯದಾಗಿ, ಶರಣ ಮತ್ತು ಟಿಬೆಟನ್ ಬೌದ್ಧ ಪರಂಪರೆಗಳೆರಡೂ ಉಸಿರನ್ನು ಶಕ್ತಿಯ ಪ್ರದರ್ಶನಕ್ಕೆ ಬಳಸುವುದಕ್ಕಿಂತ ಅರಿವಿಗೆ ಮತ್ತು ಅರ್ಪಣೆಗೆ ಬಳಸಲು ಒಲಿದಿವೆ. ಎರಡನೆಯದಾಗಿ, ದಾಸೋಹ ಹಾಗೂ ಕೊಡುಕೊಳುಗಳ ಮೂಲಕ ವ್ಯಕ್ತಿಯ ನೆಮ್ಮದಿಯನ್ನು ಸಮುದಾಯದ ಬಾಳಿಗೆ ಜೋಡಿಸಿವೆ. ಮೂರನೆಯದಾಗಿ, ಕಾಡಿನ ಏಕಾಂತವನ್ನು ಸಾಧನೆಯ ಆರಂಭವೆಂದು ಮನ್ನಿಸಿದರೂ ಅದನ್ನೇ ಗುರಿಯೆಂದು ತಿಳಿದಿಲ್ಲ. ನಾಲ್ಕನೆಯದಾಗಿ, ಕಳೆದುಕೊಂಡ ನೆಲೆಯ ಹೆಸರನ್ನು ಹೊಸ ನೆಲೆಯಲ್ಲಿ ಉಳಿಸಿಕೊಳ್ಳುವುದು ಸಂಕಟವನ್ನು ತಾಳಿಕೊಳ್ಳುವ ಒಂದು ಸಾಂಸ್ಕೃತಿಕ ವಿಧಾನವಾಗಿದೆ. ಸೂಪಾದಂತಹ ಮುಳುಗಡೆಯ ಊರುಗಳ ಜನರ ಮೌಖಿಕ ಚರಿತ್ರೆಯನ್ನು ಈ ದೃಷ್ಟಿಯಿಂದ ಸಂಗ್ರಹಿಸುವುದು ಕನ್ನಡ ವಿಭಾಗಗಳು ಕೈಗೊಳ್ಳಬೇಕಾದ ಕೆಲಸ. ಆ ನೆನಪುಗಳನ್ನು ಉಸಿರಬಲ್ಲ ತಲೆಮಾರು ಇನ್ನೂ ಇರುವಾಗಲೇ ಅದು ನಡೆಯಬೇಕಾಗಿದೆ.

೨೦೨೦ ಮತ್ತು ೨೦೨೧ರ ಸಾಂಕ್ರಾಮಿಕದ ದಿನಗಳು ಉಸಿರು ಎಷ್ಟು ಸಾಮೂಹಿಕವಾದುದು ಎಂಬುದನ್ನು ಎಲ್ಲರಿಗೂ ಮನವರಿಕೆ ಮಾಡಿಕೊಟ್ಟವು. ಒಬ್ಬರು ಬಿಟ್ಟ ಉಸಿರು ಇನ್ನೊಬ್ಬರಿಗೆ ಅಪಾಯವಾಗಬಹುದು. ಒಬ್ಬರ ಉಸಿರು ಉಳಿಯಲು ಹತ್ತು ಜನರ ದುಡಿಮೆ ಬೇಕಾಗಬಹುದು. ಐದು ನಿಮಿಷ ನಿಡಿದಾಗಿ ಉಸಿರಾಡುವುದರಿಂದ ದೊರೆಯುವ ಶಾಂತಿ ಸಣ್ಣದಲ್ಲ. ಅದನ್ನು ನೆಮ್ಮಿ ಎದ್ದು ನಿಂತವನು ಮುಂದೆ ಯಾವ ಕೆಲಸಕ್ಕೆ ಕೈಹಾಕುತ್ತಾನೆ ಎಂಬುದರ ಮೇಲೆ ಆ ಶಾಂತಿಯ ಬೆಲೆ ನಿರ್ಧಾರವಾಗುತ್ತದೆ.